ಏಳು ಕಾಣದ ಮೀಟರು

ಹಳೇ ಯಂತ್ರ ಇಟ್ಟುಕೊಂಡವನು ನಗೂ ಪ್ರಸಂಗ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಅವೇ ಅಂಗಡಿ ಮೆಟ್ಟಲಾ ಹತ್ತಿ ಬರ್ತಾವ. ನಂದೂ ಹಂಗ ಆಗೇತಿ.

ಮಿಶ್ರಿಕೋಟ್ಯಾಗ ಬಸ್ಸು ನಿಲ್ಲೂ ಜಾಗದ ಬಾಜೂಕ ನಂದೊಂದು ರಿಪೇರಿ ಅಂಗಡಿ ಐತಿ. ಮೊದಲು ರೇಡಿಯೋ, ಆಮ್ಯಾಲೆ ಟಿವಿ, ಈಗ ಸುಟ್ಟ ಪಂಪಿನ ಮೋಟಾರಿಗೆ ಹೊಸಾ ತಂತಿ ಸುತ್ತೂದು, ಸ್ಟಾರ್ಟರು, ಮಿಕ್ಸರು. ಮಂದಿ ನನ್ನ ಮಿಸ್ತ್ರಿ ಅಂತಾರ. ಸಿಟ್ಟು ಬಂದಾಗ ಹೆಂಡತೀನೂ ಮಿಸ್ತ್ರಿ ಅಂತಾಳ.

ನನ್ನ ಬೆಂಚಿನ ಮ್ಯಾಲೆ ಒಂದು ವೋಲ್ಟ್ ಮೀಟರ್ ಐತಿ. ವೋಲ್ಟೇಜ್ ಎಷ್ಟೈತಿ ಅಂತ ಮುಳ್ಳಿನ ಬದಲಿ ಅಂಕಿಯೊಳಗ ತೋರಿಸೂ ಯಂತ್ರ ಮೊದಲ ಬಂದಾಗಿನ ಕಾಲದ್ದು. ಈಗಿನ ಮೀಟರ್ ಅಂಗಿ ಕಿಸೇದಾಗ ಹಿಡಸ್ತಾವ, ಇದನ್ನ ಎತ್ತಾಕ ಇಬ್ಬರು ಬೇಕು. ಬೂದಿ ಬಣ್ಣದ ತಗಡಿನ ಪೆಟ್ಟಿಗಿ, ಮುಂದ ಸಾಲಾಗಿ ನಾಕು ಗಾಜಿನ ಬುರುಡಿ. ಒಂದೊಂದು ಬುರುಡಿ ಒಳಗ ಸೊನ್ನಿಯಿಂದ ಒಂಬತ್ತರ ತನಕ, ತೆಳ್ಳನ ತಂತಿಯಿಂದ ಮಾಡಿದ ಅಂಕಿ ಒಂದರ ಹಿಂದ ಒಂದು ನಿಂತಾವ. ಯಾವ ಅಂಕಿಗೆ ಕರೆಂಟ್ ಹೋಗ್ತೈತೋ ಅದೊಂದ ಕೆಂಡದ ಬಣ್ಣಕ್ಕ ಬೆಳಗ್ತೈತಿ. ನಾಕು ದಶಕ ನೋಡೀನಿ, ಇನ್ನೂ ನೋಡಿ ಸಾಕಾಗಿಲ್ಲ.

ಅದನ್ನ ಕೊಟ್ಟವರು ಹುಬ್ಬಳ್ಳ್ಯಾಗ ನನಗ ಕೆಲಸ ಕಲಿಸಿದ ಗುರುಗಳು. ಯಾವುದೋ ಲ್ಯಾಬಿನಿಂದ ಗುಜರಿಗೆ ಬಂದದ್ದನ್ನ ಎತ್ತಿ ತಂದು, ಜೀವ ತುಂಬಿ ಇಟ್ಟುಕೊಂಡಿದ್ರು. ಅಂಗಡಿ ಮುಚ್ಚೂ ದಿನ ನನ್ನ ಕರದು ಅಂದ್ರು, “ಇದು ಬಿಸಿ ಆಗಾಕ ಅರ್ಧಾ ತಾಸು ಬೇಕು. ಅಲ್ಲೀತನಕ ಅದು ಹೇಳಿದ್ದನ್ನ ನಂಬಬ್ಯಾಡ. ಆ ಅರ್ಧಾ ತಾಸು ನೀನೂ ಬಾಯಿ ಮುಚ್ಚಿಕೊಂಡು ಕೂಡು.” ಮೊದಲನೇ ಮಾತು ಇವತ್ತಿಗೂ ಪಾಲಿಸೇನಿ. ಎರಡನೇದು ನನ್ನ ಕೈಲೆ ಆಗಿಲ್ಲ.

ಈಗ ಇದನ್ನೆಲ್ಲಾ ಬರಿಯಾಕ ಕುಂತಿದ್ದು ಯಾಕಂದ್ರ, ಈ ವರ್ಷ ನನ್ನ ಹೆಸರು ಹೋಗೂದರಾಗಿತ್ತು. ನಮ್ಮೂರ ಬಮ್ಮಿಗಟ್ಟಿ ಕಡೆ ಹೊಲದಾಗ ಒಬ್ಬರು ಅಕ್ಕಾರ ಅದಾರ. ಮಾತು ಖಡಕ್, ಮನಸು ಮೆತ್ತಗ. ನಾ ಸುತ್ತಿಕೊಟ್ಟ ಅವರ ಪಂಪಿನ ಮೋಟಾರು ಸುಟ್ಟಿತು. ಮತ್ತ ಸುತ್ತಿದೆ, ಮತ್ತ ಸುಟ್ಟಿತು. ಮೋಟಾರು ಸುಟ್ಟರ ಮಂದಿ ಮೊದಲು ನೋಡೂದು ಸುತ್ತಿದವನ ಮಾರಿ. ನನಗ ಇದ್ದ ಆಸ್ತಿ ಅಂದ್ರ ಈ ಕೈ, ಈ ಕೈಗೆ ಇದ್ದ ಹೆಸರು. ಅದು ಉಳೀತೋ ಇಲ್ಲೋ ಅನ್ನೂದು ಕಡೀಕ ಈ ಹಳೇ ಪೆಟ್ಟಿಗಿ ಮ್ಯಾಲೆ ಬಂದು ನಿಂತಿತು. ಅದು ಹ್ಯಾಂಗ ಅಂತ ಹೇಳ್ತೀನಿ, ಆದ್ರ ಮೊದಲು ಪೆಟ್ಟಿಗಿ ಸ್ವಭಾವ ತಿಳಕೋರಿ.

ಅರ್ಧಾ ತಾಸಿನ ಚಾ

ಮೀಟರ್ ಚಾಲೂ ಮಾಡಿದ ಕೂಡ್ಲೆ ಅಂಕಿ ಕುಣ್ಯಾಕ ಸುರು ಮಾಡ್ತಾವ. ಕುಣಿತ ನಿಲ್ಲೂತನಕ ನಾ ಯಾರ ಸಾಮಾನೂ ಅಳಿಯೂದಿಲ್ಲ. ಬಾಜೂಕ ಚಾದಂಗಡಿ ಇಟ್ಟಾನ ಒಬ್ಬ ಕಾಕಾ. ನನ್ನ ಸ್ವಿಚ್ಚಿನ ಸಪ್ಪಳ ಕೇಳಿದ್ರ ಸಾಕು, ಆ ಕಡೆ ಹಾಲು ಒಲಿ ಮ್ಯಾಲೆ ಇಡ್ತಾನ. ಅವನ ಅರ್ಧಾ ವ್ಯಾಪಾರ ಈ ಮೀಟರಿನಿಂದ ನಡೀತೈತಿ ಅಂತ ನನ್ನ ಅಂದಾಜು, ಅವ ಒಪ್ಪೂದಿಲ್ಲ.

ಒಂದಿನ ಒಬ್ಬ ಟ್ರ್ಯಾಕ್ಟರ್ ಬ್ಯಾಟರಿ ಹೆಗಲ ಮ್ಯಾಲೆ ಹೊತ್ತುಕೊಂಡು ಬಂದ. ಮಾರಿ ಕೆಂಪಗ.

“ಮಿಸ್ತ್ರಿ, ಇದು ಸತ್ತೈತೋ ಬದಕೇತೋ ಹೇಳ್ರಿ. ಲಗೂನ ಹೇಳ್ರಿ, ಹೊಲದಾಗ ಟ್ರ್ಯಾಕ್ಟರ್ ನಿಂತೈತಿ.”

“ಕೂಡ್ರಿ. ಅರ್ಧಾ ತಾಸು.”

“ಅರ್ಧಾ ತಾಸ? ಹುಬ್ಬಳ್ಳ್ಯಾಗ ಅರ್ಧಾ ನಿಮಿಷದಾಗ ಹೇಳ್ತಾರ!”

“ಅಲ್ಲೇ ಹೋಗ್ರಿ ಹಂಗಾರ.”

ಹುಬ್ಬಳ್ಳಿಗೆ ಹೋಗೂ ಬಸ್ಸು ಆಗಷ್ಟ ಹೋಗಿತ್ತು. ಕುಂತ. ಚಾ ಬಂತು. ಕುಂತವ ಸುಮ್ನ ಕೂಡ್ತಾನೇನು, ಹೇಳಾಕ ಹತ್ತಿದ. ನಿನ್ನೆ ಸಂಜಿಮುಂದ ಟ್ರ್ಯಾಕ್ಟರ್ ನಿಲ್ಲಿಸಿದ್ದು, ತಮ್ಮ ಬಂದು ಬ್ಯಾಟರಿ ಮ್ಯಾಲಿನ ಧೂಳ ವರಸಿದ್ದು, ಧೂಳ ವರಸೂಮುಂದ ವಾಯರ್ ಬಿಚ್ಚಿದ್ದು, ಆಮ್ಯಾಲೆ ಊಟಕ್ಕ ಕರದ್ರು ಅಂತ ಅವ ಹೋಗಿದ್ದು. ಅಲ್ಲಿಗೆ ಬಂದವನ ಮಾತು ನಿಂತಿತು. ಚಾದ ಬಸಿ ಕೆಳಗಿಟ್ಟ. ಎದ್ದು ಬ್ಯಾಟರಿ ಮತ್ತ ಹೆಗಲಿಗೆ ಏರಿಸಿದ.

“ಯಾಕ್ರಿ, ಅಳಿಯೂದು ಬ್ಯಾಡೇನು?” ಅಂದೆ.

“ಬ್ಯಾಡ್ರಿ. ವಾಯರ್ ಹಚ್ಚಿಲ್ಲ ಅವ,” ಅಂದ. ಬಾಗಲಾ ದಾಟಿದವ ತಿರುಗಿ ಮೀಟರಿಗೆ ಒಂದು ಕೈ ಮುಗದ. “ಭಾರಿ ಯಂತ್ರ ಬಿಡ್ರಿ ನಿಮ್ಮದು. ಬಿಸಿ ಆಗೂಕಿಂತಾ ಮೊದಲ ಹೇಳಿಬಿಟ್ಟಿತು.”

ಅವ ಹೋದ ಮ್ಯಾಲೆ ನಾ ಮೀಟರ್ ಬಂದ್ ಮಾಡಿದೆ. ನಮ್ಮ ಗುರುಗಳು ಯಾಕ ಅರ್ಧಾ ತಾಸು ಕೂಡು ಅಂದ್ರು ಅನ್ನೂದು ಇಷ್ಟು ವರ್ಷಕ್ಕ ಆವತ್ತ ಸ್ವಲ್ಪ ತಿಳೀತು. ಬಮ್ಮಿಗಟ್ಟಿ ಅಕ್ಕಾರ ಮೋಟಾರು ಮೊದಲನೇ ಸಲ ಸುಟ್ಟು ಬಂದದ್ದೂ ಅದ ವಾರ. “ಒಂದು ಸಲ ಆಗ್ತೈತಿ ತಮ್ಮಾ, ಸುತ್ತಿ ಕೊಡು,” ಅಂದು ಹೋದ್ರು.

ಮಾಸ್ತರ ಸಕ್ರಿ

ಮೀಟರಿಗೆ ಒಂದು ಖೋಡಿ ಐತಿ. ನಾಕು ಬುರುಡ್ಯಾಗ ಎರಡನೇದಕ್ಕ, ಅಂದ್ರ ಹತ್ತರ ಸ್ಥಾನದ್ದಕ್ಕ, ಏಳು ಬೆಳಗೂದಿಲ್ಲ. ಮಿಕ್ಕಿದ್ದೆಲ್ಲಾ ಬೆಳಗ್ತಾವ. ಏಳು ಬರಬೇಕಾದಲ್ಲಿ ಬುರುಡಿ ಖಾಲಿ ಕಾಣ್ತೈತಿ. ನೂರಾ ಎಪ್ಪತ್ತನಾಕು ಬಂತು ಅಂದ್ರ ಒಂದು, ಖಾಲಿ, ನಾಕು; ಕಡೀ ಬುರುಡಿ ಪಾಯಿಂಟಿನ ಮುಂದಿನ ಅಂಕೀದು, ಅದನ್ನ ನಾವ್ಯಾರೂ ಓದೂದಿಲ್ಲ. ಅದನ್ನ ಸರಿ ಮಾಡಾಕ ಬ್ಯಾರೆ ಬುರುಡಿ ಬೇಕು, ಅದು ನನಗ ಎಲ್ಲೂ ಸಿಗಲಿಲ್ಲ. ಕಡೀಕ ನಾನೂ ರೂಢಿ ಆದೆ, ಗಿರಾಕಿಗಳೂ ರೂಢಿ ಆದ್ರು. ಮಿಶ್ರಿಕೋಟ್ಯಾಗ ಯಾರನ್ನ ಕೇಳಿದ್ರೂ ಹೇಳ್ತಾರ: ಖಾಲಿ ಅಂದ್ರ ಏಳು.

ಒಪ್ಪದವರು ಒಬ್ಬರ, ನಿವೃತ್ತಿ ಆದ ಗಣಿತದ ಮಾಸ್ತರು. ದಿನಾ ಕಾಕಾನ ಚಾ ಕುಡ್ಯಾಕ ಬರ್ತಾರ.

“ಖಾಲಿ ಅಂದ್ರ ಖಾಲಿ. ನಾ ಜೀವನಪೂರ್ತಿ ಪೇಪರ್ ತಿದ್ದೇನಿ, ಖಾಲಿ ಬಿಟ್ಟ ಉತ್ತರಕ್ಕ ಒಂದು ಮಾರ್ಕ್ಸೂ ಕೊಟ್ಟಿಲ್ಲ,” ಅಂದ್ರು.

“ಮಾಸ್ತರ, ಖಾಲಿ ಬಿಟ್ಟ ಹುಡುಗಗ ಉತ್ತರ ಗೊತ್ತಿರಲಿಲ್ಲ. ಇದಕ್ಕ ಗೊತ್ತೈತಿ, ತೋರ್ಸಾಕ ಬರೂದಿಲ್ಲ,” ಅಂದೆ ನಾನು.

ಮಾಸ್ತರು ಚಶ್ಮಾ ಏರಿಸಿಕೊಂಡ್ರು. ಚಾ ಆರಿ ಹೋಗೂತನಕ ಮೀಟರ್ ನೋಡಿಕೋತ ಕುಂತ್ರು. ತಾವು ಸೊನ್ನಿ ಹಾಕಿದ ಹುಡುಗರೊಳಗ ಅಂಥಾವರು ಎಷ್ಟು ಮಂದಿ ಇದ್ರೋ ಅಂತ ವಿಚಾರ ಮಾಡಿದ್ರು ಅಂತ ಆಮ್ಯಾಲೆ ಅವರ ಹೇಳಿದ್ರು. ಹೇಳೂಮುಂದ ದನಿ ಸಣ್ಣದಾಗಿತ್ತು. ಆವತ್ತಿನಿಂದ ಅವರೂ ನಮ್ಮ ಪಂಥ ಸೇರಿದ್ರು.

ಸೇರಿದ್ದು ಸ್ವಲ್ಪ ಜಾಸ್ತೀನ ಆತು. ಮುಂದಿನ ತಿಂಗಳು ಕಲಘಟಗ್ಯಾಗ ರಕ್ತ ತಪಾಸಣಿ ಮಾಡಿಸಿ ಬಂದ್ರು. ರಿಪೋರ್ಟ್ ನಾಕು ಮಡಿಕಿ ಮಾಡಿ ಅಂಗಿ ಕಿಸೇದಾಗ ಇಟ್ಟುಕೊಂಡು ಬಸ್ಸಿನ್ಯಾಗ ಬೆವತಾರ. ಮನಿಗೆ ಬಂದು ಬಿಚ್ಚಿದ್ರ ಸಕ್ರಿ ಅಂಕಿ ಇದ್ದಲ್ಲೇ ಮಡಿಕಿ ಬಿದ್ದು, ನಡುವಿನ ಅಂಕಿ ಅಳಿಸಿತ್ತು. ಒಂದು, ಖಾಲಿ, ಸೊನ್ನಿ. ಬ್ಯಾರೆ ಊರಿನವರಾಗಿದ್ರ ಲ್ಯಾಬಿಗೆ ಫೋನ್ ಮಾಡ್ತಿದ್ರು. ನಮ್ಮ ಮಾಸ್ತರು ಹೆಂಡತೀನ ಕರದು, “ನೂರಾ ಎಪ್ಪತ್ತು ಬಂದೈತಿ,” ಅಂದ್ರು.

ಆವತ್ತಿನಿಂದ ಮಾಸ್ತರ ಮನ್ಯಾಗ ಬೆಲ್ಲ ಬಂದ್, ಹೋಳಿಗಿ ಬಂದ್, ಚಾಕ್ಕ ಸಕ್ರಿ ಬಂದ್. ಕಾಕಾನ ಅಂಗಡ್ಯಾಗೂ ಬಾಯಿಯವ್ರು, ಅಂದ್ರ ಮಾಸ್ತರ ಹೆಂಡತಿ, ಬಂದು ತಾಕೀತು ಮಾಡಿ ಹೋದ್ರು. ಮಾಸ್ತರು ಹಾಗಲಕಾಯಿ ರಸ ಕುಡದು ಕುಡದು ಅಗದಿ ಸೊರಗಿದ್ರು. ತಿಂಗಳ ಮ್ಯಾಲೆ ಇಬ್ಬರೂ ಕೂಡಿ ಲ್ಯಾಬಿಗೆ ಹೋದ್ರು. ಅಲ್ಲಿಯವರು ಕಂಪ್ಯೂಟರ್ ನೋಡಿ, “ಹೋದ ಸಲಾನೂ ನೂರಾ ಹತ್ತ ಇತ್ತಲ್ರೀ, ಚೊಲೋ ಇದ್ದೀರಿ,” ಅಂದ್ರಂತ.

ಮರುದಿನ ಮುಂಜಾನೆ ಬಾಯಿಯವ್ರು ನೆಟ್ಟಗ ನನ್ನ ಅಂಗಡಿಗೆ ಬಂದ್ರು. ನನ್ನ ಮಾರಿ ನೋಡಲಿಲ್ಲ. ಸೊಂಟದ ಮ್ಯಾಲೆ ಕೈ ಇಟ್ಟುಕೊಂಡು ಮೀಟರ್ ಮುಂದ ನಿಂತ್ರು. “ನಮ್ಮನಿಯವರಿಗೆ ಈ ವಯಸ್ಸಿನ್ಯಾಗ ಗಣಿತ ಕಲಿಸಿದ್ದು ಇದನ ಏನು?” ಅಂದ್ರು.

ಗಡಿಯಾರದವರು

ಅಕ್ಕಾರ ಮೋಟಾರು ಎರಡನೇ ಸಲ ಸುಟ್ಟು ಬಂತು. ಈ ಸಲ ಅವರು ಏನೂ ಅನ್ನಲಿಲ್ಲ. ಅಂದಿದ್ರ ಚೊಲೋ ಇತ್ತು. ನಾ ತಂತಿ ಬಿಚ್ಚಿ ಎಳಿ ಎಳಿಯಾಗಿ ನೋಡಿದೆ, ನನ್ನ ತಪ್ಪು ಕಾಣಲಿಲ್ಲ. ಆದ್ರ ಕಣ್ಣಿಗೆ ಚಶ್ಮಾ ಬಂದ ಮ್ಯಾಲೆ ತಪ್ಪು ಕಾಣಲಿಲ್ಲ ಅನ್ನೂದು ಎಷ್ಟರ ಮಾತು? ಅವರ ಹೊಲಕ್ಕ ಹೋಗಿ ಸಣ್ಣ ಮೀಟರಿನ್ಯಾಗ ನೋಡಿದ್ರ ವೋಲ್ಟೇಜ್ ಬಾಳ ಕಡಿಮಿ ಇತ್ತು. ಕಡಿಮಿ ವೋಲ್ಟೇಜಿನ್ಯಾಗ ಮೋಟಾರು ಏದುಸಿರು ಬಿಟ್ಟು ಎಳೀತೈತಿ, ಬಿಸಿ ಆಗಿ ಸುಡ್ತೈತಿ. ಹಂಗಂತ ಕರೆಂಟಿನ ಆಫೀಸಿಗೆ ಹೋಗಿ ಹೇಳಿದೆ. ಅಲ್ಲಿಯ ಸಾಹೇಬ್ರು, “ನಮ್ಮ ಕರೆಂಟ್ ಸರಿ ಐತ್ರಿ. ನಿಮ್ಮ ಆ ಸಂತಿ ಮೀಟರ್ ನಂಬಬ್ಯಾಡ್ರಿ. ಸುತ್ತಿದ್ದು ಸರಿ ಐತೇನು ನೋಡಿಕೋರಿ,” ಅಂದ್ರು. ಆವತ್ತ ಮನಿಗೆ ಬಂದು ನಾ ಊಟ ಮಾಡಲಿಲ್ಲ.

ಇಂಥಾದರಾಗ ಒಂದು ಕಾರ್ ಬಂದು ನಿಂತಿತು. ದೂರದ ಶಹರದವರು ಒಬ್ಬರು ಇಳಿದ್ರು, ನನ್ನ ಮೀಟರಿನ ಸುದ್ದಿ ಯಾರಿಂದಲೋ ಕೇಳಿ ಬಂದಿದ್ರು. ಬೆಳಗೂ ಬುರುಡಿ ನೋಡಿ ಅವರ ಮಾರೀನೂ ಬೆಳಗಿತು.

“ಇದನ್ನ ನನಗ ಕೊಡ್ರಿ. ಈ ಬುರುಡಿ ತಗದು ಗಡಿಯಾರ ಮಾಡ್ತೀನಿ,” ಅಂದ್ರು.

ಕಾಕಾ ಚಾ ಹಿಡಕೊಂಡು ಬಂದವ ಅಲ್ಲೇ ನಿಂತ. “ಗಡಿಯಾರ ಮಾಡಾಕ ಮೀಟರ್ ಒಡೀತೀರಿ? ಅಂಗಡ್ಯಾಗ ಗಡಿಯಾರ ಸಿಗೂದಿಲ್ಲೇನ್ರಿ ನಿಮ್ಮೂರಾಗ?”

ಅವರು ನಕ್ಕರು, ಸಿಟ್ಟಾಗಲಿಲ್ಲ. ಇಂಥಾ ಅಂಕಿಯ ಗಡಿಯಾರ ಮನ್ಯಾಗ ಇಟ್ಟುಕೊಳ್ಳೂ ಹುಚ್ಚು ಬಾಳ ಮಂದಿಗೆ ಐತಿ ಅಂತ ಹೇಳಿದ್ರು. ನಾ ಪ್ರಾಮಾಣಿಕ ಮನಶ್ಯಾ, ಎರಡನೇ ಬುರುಡ್ಯಾಗ ಏಳು ಬೆಳಗೂದಿಲ್ಲ ಅಂತ ಖೋಡಿ ಹೇಳಿದೆ.

“ಅದಕ್ಕೇನ್ರಿ,” ಅಂದ್ರು ಅವರು. “ಅದನ್ನ ನಿಮಿಷದ ಹತ್ತರ ಸ್ಥಾನಕ್ಕ ಹಚ್ಚತೀನಿ. ಐವತ್ತೊಂಬತ್ತು ನಿಮಿಷ ಆದ ಮ್ಯಾಲೆ ಮತ್ತ ಸೊನ್ನಿ ಬರ್ತೈತಲ್ಲ. ಅಲ್ಲಿ ಏಳು ಎಂದೂ ಬೇಕಾಗೂದ ಇಲ್ಲ. ಖೋಡಿ ಐತಿ ಅಂತ ಯಾರಿಗೂ ಗೊತ್ತ ಆಗೂದಿಲ್ಲ.”

ನಾ ಆ ಎರಡನೇ ಬುರುಡಿ ಕಡೆ ನೋಡಿದೆ. ಇಷ್ಟು ವರ್ಷ ನಾ ಇದನ್ನ ಖೋಡಿ ಪೆಟ್ಟಿಗಿ ಅಂತ ಇಟ್ಟುಕೊಂಡು ಕುಂತೀನಿ, ಇದರ ಖೋಡಿ ಖೋಡೀನ ಅಲ್ಲದಂಥಾ ಜಾಗ ಒಂದು ಐತಿ. ಒಯ್ಯಲಿ ಬಿಡು ಅನ್ನಿಸಿತು. ಹೆಂಗೂ ನನ್ನ ಕೈಯೂ ಸೋತೈತಿ ಅಂತ ಊರು ಅನ್ನಾಕ ಹತ್ತೇತಿ, ನಾನೂ ಬೆಂಚೂ ಕೂಡೇ ನಿವೃತ್ತಿ ಆದ್ರ ಆತು. ಒಯ್ರಿ ಅನ್ನೂ ಮಾತು ನಾಲಿಗಿ ತುದಿಗೆ ಬಂದಿತ್ತು.

ಅಷ್ಟರಾಗ ಕಾಕಾ ಅವರ ಬಾಜೂಕ ಹೋಗಿ ಕುಂತ. ಅಗದಿ ಮೆತ್ತಗಿನ ದನಿಯೊಳಗ ಕೇಳಿದ, “ಯಾವ ಖೋಡಿ ಇದ್ರೂ ಕಾಣದಂಥಾ ಜಾಗ ಹುಡುಕಿ ಕುಂಡ್ರಸ್ತೀರಿ ಅಂದಂಗಾತು?”

“ಹೌದ್ರಿ.”

“ಹಂಗಾರ ಮೀಟರ್ ಇಲ್ಲೇ ಇರಲಿ ಬಿಡ್ರಿ. ನನ್ನ ಅಳಿಯನ್ನ ಒಯ್ರಿ.”

ಕಾರಿನವರು ನಗೂದು ನಿಲ್ಲಲಿಲ್ಲ, ನಾನೂ ನಕ್ಕೆ, ನಾಲಿಗಿ ತುದಿಗೆ ಬಂದ ಮಾತು ಒಳಗ ಹೋತು. ಕಾಕಾ ಅದನ್ನ ಬೇಕಂತ ಮಾಡಿದ್ನೋ, ಅಳಿಯನ ಮ್ಯಾಲಿನ ಸಿಟ್ಟಿಗೆ ಅಂದ್ನೋ ನನಗ ಇವತ್ತಿಗೂ ಗೊತ್ತಿಲ್ಲ. ಕೇಳಿದ್ರ ಎರಡೂ ಖರೆ ಅಂತಾನ.

ಸಾಹೇಬ್ರು ಬಂದ್ರು

ಮೂರನೇ ಸಲ ಸುಟ್ಟಾಗ ಅಕ್ಕಾರ ತಾವ ಬಂದ್ರು, ಟಂಟಂ ಗಾಡ್ಯಾಗ ಮೋಟಾರು ಹಾಕಿಕೊಂಡು. ಅಂಗಡ್ಯಾಗ ನಾಕು ಮಂದಿ ಕುಂತಿದ್ರು.

“ತಮ್ಮಾ, ನಿನ್ನ ಕೈ ಸೋತೈತಿ,” ಅಂದ್ರು.

ಮಳಿ ಕೈ ಕೊಟ್ಟಿತ್ತು, ಅವರ ಗದ್ದಿಯೊಳಗ ಭತ್ತ ತೆನಿ ಕಟ್ಟೂ ಹೊತ್ತು, ನೀರಿಲ್ಲ. ಅವರ ಸಿಟ್ಟಿಗೆ ಅರ್ಥ ಇತ್ತು. ನಾ ಕೈಯ್ಯಾಗಿನ ಪಕ್ಕಡ ಕೆಳಗಿಟ್ಟೆ.

“ಯಕ್ಕಾ, ಒಂದ ಮಾತು. ಆ ಸಾಹೇಬ್ರನ್ನ ನಿಮ್ಮ ಹೊಲಕ್ಕ ಕರಸ್ರಿ. ನಾನೂ ನನ್ನ ದೊಡ್ಡ ಮೀಟರ್ ತರ್ತೀನಿ. ಎಲ್ಲಾರ ಮುಂದ ಅಳಿಯೂಣು.”

“ಆತು. ವೋಲ್ಟೇಜ್ ಕಡಿಮಿ ಬಂದ್ರ ನನ್ನ ಮಾತು ನಾ ನಾಕು ಮಂದ್ಯಾಗ ತಿರುಗಿ ತಗೋತೀನಿ. ಸರಿ ಬಂತೋ, ನನ್ನ ಮೋಟಾರು ಇನ್ನ ಮ್ಯಾಲೆ ಹುಬ್ಬಳ್ಳಿಗೆ ಹೋಗ್ತೈತಿ. ಊರಿನ ಮೋಟಾರೂ ಅದರ ಹಿಂದ ಹೋಗ್ತಾವ.”

ಅಕ್ಕಾರ ಎರಡು ಸಲ ಆಫೀಸಿಗೆ ಹೋಗಿ ಕುಂತ ಮ್ಯಾಲೆ ಸಾಹೇಬ್ರು ಒಪ್ಪಿದ್ರು. ಮೂರನೇ ಸಲ ಬಂದು ಕುಂಡ್ರತಾರ ಅಂತ ಅಂಜಿ ಒಪ್ಪಿದ್ರು ಅಂತ ಲೈನ್‌ಮನ್ ಹೇಳಿದ.

ಆವತ್ತ ಮುಂಜಾನೆ, ಪಂಪಿಗೆ ಕರೆಂಟ್ ಬರೂ ಹೊತ್ತಿಗೆ, ನಾನೂ ಕಾಕಾನೂ ಮೀಟರ್ ಹಾಸಗಿಯೊಳಗ ಸುತ್ತಿ ಒಯ್ದಿವಿ. ಅಕ್ಕಾರ ಪಂಪು ಲೈನಿನ ಕಟ್ಟಕಡೀದು. ಅಲ್ಲೇ ಬೇವಿನ ಗಿಡದ ಕೆಳಗ ಮೇಜು ಹಾಕಿದ್ರು. ಮೀಟರ್ ಓಡಾಕ ಬ್ಯಾರೆ ಬ್ಯಾಟರಿ, ಇನ್ವರ್ಟರ್ ತಂದಿದ್ದೆ, ಲೈನ್ ಇಳಿದ್ರೂ ಮೀಟರ್ ಇಳಿಯಬಾರದು ಅಂತ. ಚಾಲೂ ಮಾಡಿದೆ. ಸಾಹೇಬ್ರು ಗಡಿಯಾರ ನೋಡಿದ್ರು. ನಾ ಅರ್ಧಾ ತಾಸು ಅಂದೆ. ಅಕ್ಕಾರ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ರು. ಎರಡನೇ ರೊಟ್ಟಿಗೆ ಸಾಹೇಬ್ರು ತಮ್ಮ ಅಪ್ಪನ ಹೊಲದಾಗೂ ಒಂದು ಮೋಟಾರು ಸುಟ್ಟಿತ್ತು, ಅಪ್ಪ ಮಿಸ್ತ್ರೀನ ಬೈದಿದ್ದ ಅಂತ ಹೇಳಾಕ ಹತ್ತಿದ್ರು. ಅರ್ಧಾ ತಾಸು ಯಾರನ್ನೂ ಬಿಡೂದಿಲ್ಲ ನೋಡ್ರಿ.

ಸುದ್ದಿ ಹಬ್ಬಿ ಊರ ಮಂದಿ ಎಲ್ಲಾ ಬಂದಿತ್ತು. ಆ ಲೈನಿನ ಮ್ಯಾಲೆ ಪಂಪ್ ಇದ್ದ ಒಬ್ಬ ರೈತನೂ ತಪ್ಪಿಸಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕೆಲವರ ತಲಿ ಮ್ಯಾಲೆ ಹೊಸಾ ಟೊಪ್ಪಿಗಿ. ಹಿಂದ ಹೆಣ್ಮಕ್ಕಳು ಬದುವಿನ ಮ್ಯಾಲೆ ಸಾಲಾಗಿ ಕುಂತಿದ್ರು.

ಅಂಕಿ ಕುಣಿಯೂದು ನಿಂತಿತು. ಸಾಹೇಬ್ರು ತಮ್ಮ ಸಣ್ಣ ಮೀಟರ್ ತಗದ್ರು. ಎರಡೂ ಒಂದ ತಂತಿಗೆ ಹಚ್ಚಿದ್ವಿ.

ಎರಡುನೂರಾ ಮೂವತ್ತೆಂಟು. ಅವರದೂ ಅಷ್ಟ, ನಂದೂ ಅಷ್ಟ.

ಅಗದಿ ಸರಿ ವೋಲ್ಟೇಜ್. ಸಾಹೇಬ್ರು ಕರ್ಚೀಪಿನಿಂದ ಬಾಯಿ ವರಸಿಕೊಂಡ್ರು. ಅಕ್ಕಾರ ನನ್ನ ಕಡೆ ನೋಡಿದ್ರು. ನನಗ ನೆಲ ಬಿರಿದು ಒಳಗ ಹೋದ್ರ ಸಾಕು ಅನ್ನಿಸಿತು. ನನ್ನ ಮೀಟರ್ ನನ್ನ ವಿರುದ್ಧ ಸಾಕ್ಷಿ ಹೇಳಿತ್ತು, ಅದೂ ಬಿಸಿ ಆದ ಮ್ಯಾಲೆ, ಅಂದ್ರ ನಂಬಾಕ ಬೇಕು.

ಸುತ್ತಲೂ ಅಗದಿ ಶಾಂತ. ಹಕ್ಕಿ ಸಪ್ಪಳ ಬಿಟ್ರ ಏನೂ ಇಲ್ಲ. ಆಗ ತಲಿಗೆ ಹೊಳೀತು.

“ಅಲ್ರೋ, ನಿಮ್ಮ ಪಂಪು ಚಾಲೂ ಅದಾವೇನು?” ಅಂದೆ.

“ಯಾರವು?”

“ನಿಮ್ಮವು!”

ಹೊಸಾ ಟೊಪ್ಪಿಗಿಯವ ಅಂದ, “ನಾವೆಲ್ಲಾ ಇಲ್ಲೇ ಅದೇವಲ್ರೀ. ಸಾಹೇಬ್ರು ಊರಿಗೆ ಬರೂಮುಂದ ಪಂಪ್ ಹಚ್ಚಿ ಬಂದ್ರ ಚಂದ ಕಾಣ್ತೈತೇನು? ಮನಿಗೆ ಹಿರೇರು ಬಂದ್ರ ಟಿವಿ ಬಂದ್ ಮಾಡೂದಿಲ್ಲೇನ್ರಿ? ಕರೆಂಟ್ ಬಂದ್ರ ತಾನ ಪಂಪ್ ಹಚ್ಚೂ ಸ್ವಿಚ್ ಸುದ್ದಾ ತಗದ ಬಂದೇವಿ.”

ಊರಿಗೂರ ಮರ್ಯಾದಿ ಸಲುವಾಗಿ ಪಂಪ್ ಬಂದ್ ಮಾಡಿ ಬಂದಿತ್ತು! ಕರೆಂಟ್ ಎಳಿಯಾವ ಒಬ್ಬನೂ ಇಲ್ಲದಾಗ ವೋಲ್ಟೇಜ್ ಯಾಕ ಇಳೀತೈತಿ?

“ಹೋಗ್ರೋ, ಹೋಗಿ ಚಾಲೂ ಮಾಡ್ರಿ!” ಅಂತ ಒದರಿದೆ. ಒಬ್ಬನೂ ಜಾಗ ಬಿಡಲಿಲ್ಲ. ನೀ ಹೋಗು, ನಾ ನೋಡಿ ಹೇಳ್ತೀನಿ ಅಂತ ಒಬ್ಬ, ನಿನ್ನ ಹೊಲ ಸಮೀಪ, ನೀ ಹೋಗು ಅಂತ ಇನ್ನೊಬ್ಬ. ಕಡೀಕ ಅಕ್ಕಾರ ಬಾರಕೋಲು ಎತ್ತಿಕೊಂಡ್ರು. ಗಂಡಸ್ರು ಧೋತರ ಎತ್ತಿ ಹಿಡದು ಹೊಲದಾಗ ಓಡಿದ್ರು.

ಸ್ವಲ್ಪ ಹೊತ್ತಿಗೆ ದೂರದಾಗ ಒಂದು ಪಂಪ್ ಗೊರ್ ಅಂತು. ಎರಡುನೂರಾ ಇಪ್ಪತ್ತಾರು. ಇನ್ನೊಂದು. ಎರಡುನೂರಾ ಹದಿಮೂರು. ಬದುವಿನ ಮ್ಯಾಲಿನ ಹೆಣ್ಮಕ್ಕಳು ಎದ್ದು ಬಂದು ಮೇಜಿನ ಸುತ್ತ ನಿಂತ್ರು. ನೂರಾ ತೊಂಬತ್ತೊಂಬತ್ತು. ನೂರಾ ಎಂಬತ್ತೆಂಟು. ನೂರಾ ಎಂಬತ್ತೊಂದು. ಆಮ್ಯಾಲೆ ಒಂದು, ಖಾಲಿ, ಆರು.

“ನಿಮ್ಮ ಪೆಟ್ಟಿಗಿ ಕೆಟ್ಟಿತು,” ಅಂದ್ರು ಸಾಹೇಬ್ರು.

“ಏಳ್ರೀ!” ಅಂತ ಎಲ್ಲಾ ಹೆಣ್ಮಕ್ಕಳು ಒಮ್ಮೆಲೆ ಒದರಿದ್ರು. “ಖಾಲಿ ಅಂದ್ರ ಏಳು!”

ಸಾಹೇಬ್ರು ತಮ್ಮ ಕೈಯ್ಯಾಗಿನ ಮೀಟರ್ ನೋಡಿದ್ರು. ನೂರಾ ಎಪ್ಪತ್ತಾರು. ಒಂದು ಸಲ ಆ ಕಡೆ ನೋಡಿದ್ರು, ಒಂದು ಸಲ ಈ ಕಡೆ ನೋಡಿದ್ರು. ಕಿಸೇದಿಂದ ಪೆನ್ ತಗದ್ರು. ನನಗ ಜೀವ ಬಂದಂಗ ಆತು.

ಪೆನ್ನಿನ ಟೋಪಿ ತಗಿಯೂದರಾಗ ಅಂಕಿ ಮ್ಯಾಲೆ ಏರಾಕ ಸುರು ಆತು. ನೂರಾ ತೊಂಬತ್ತು. ಎರಡುನೂರಾ ಐದು. ಎರಡುನೂರಾ ಮೂವತ್ತು. ಏನಾತು ಅಂತ ತಲಿ ಎತ್ತಿ ನೋಡಿದ್ರ, ಎಲ್ಲಾ ಕಡಿಂದ ಗಂಡಸ್ರು ಬದುವು ಜಿಗಿದು ಓಡಿ ಬರಾಕ ಹತ್ತಿದ್ರು. ತಾವು ಪಂಪ್ ಹಚ್ಚಿದ್ದರಿಂದ ಮೀಟರ್ ಎಷ್ಟು ಇಳೀತು ಅಂತ ನೋಡಾಕ, ಪಂಪ್ ಬಂದ್ ಮಾಡಿ ಬಂದಿದ್ರು.

ಸಾಹೇಬ್ರು ತಲಿ ಮ್ಯಾಲೆ ಕೈ ಇಟ್ಟುಕೊಂಡು ಕುಂತ್ರು. “ಈಗ ನಾ ಯಾವುದು ಬರೀಲ್ರಿ? ನೂರಾ ಎಪ್ಪತ್ತಾರೋ, ಎರಡುನೂರಾ ಮೂವತ್ತೆಂಟೋ?”

ಅಕ್ಕಾರ ಅವರ ಮುಂದ ಬಂದು ನಿಂತ್ರು. “ಎರಡೂ ಬರೀರಿ ಸಾಹೇಬ್ರ. ನಾವು ನಿಮ್ಮ ಮುಂದ ಕೈ ಕಟ್ಟಿ ನಿಂತಾಗ ಎಷ್ಟು ಇರ್ತೈತಿ, ನಾವು ದುಡಿಯೂಮುಂದ ಎಷ್ಟು ಇರ್ತೈತಿ, ಎರಡೂ ಬರೀರಿ.”

ಸಾಹೇಬ್ರು ಎರಡೂ ಬರದ್ರು.

ಸಾಹೇಬ್ರು ಬರೂದಿಲ್ಲ

ಬರದದ್ದು ಮ್ಯಾಲೆ ಹೋತು. ಮಳಿಗಾಲ ಹೋಗೂದರಾಗ ಲೈನಿನ ನಡುವ ಹೊಸಾ ಟ್ರಾನ್ಸ್‌ಫಾರ್ಮರ್ ಕುಂತಿತು. ಅಲ್ಲೀತನಕ ಅಕ್ಕಾರ ಬಾಜೂ ಹೊಲದವರ ನೀರಿನ ಮ್ಯಾಲೆ ಭತ್ತ ಉಳಿಸಿಕೊಂಡಿದ್ರು. ಆಮ್ಯಾಲೆ ನಾ ಅವರ ಮೋಟಾರು ಮತ್ತ ಸುತ್ತಿ ಕುಂಡ್ರಿಸಿಕೊಟ್ಟೆ. ಆದ್ರ ಕೈ ಸೋತೈತಿ ಅಂದ ಮಾತು ಅವರು ಇನ್ನೂ ತಿರುಗಿ ತಗೊಂಡಿರಲಿಲ್ಲ. ವೋಲ್ಟೇಜ್ ಪಕ್ಕಾ ಆಗಲಿ, ನಾ ಸುತ್ತಿದ ಮೋಟಾರು ಸುಡದ ಓಡಲಿ, ಆಮ್ಯಾಲೆ ಅಂತ ಸುಮ್ನ ಇದ್ರು. ನಾನೂ ಕೇಳಲಿಲ್ಲ. ಕೇಳಿ ಇಸಗೊಂಡ ಹೆಸರು ಹೆಸರಲ್ಲ ಅಂತ ನನ್ನ ಮನಸ್ಸಿನ್ಯಾಗ. ಒಳಗ ಮಾತ್ರ ಮುಳ್ಳು ಮುರದಂಗ ಇತ್ತು.

ಒಂದಿನ ಸಾಹೇಬ್ರ ಫೋನ್ ಬಂತು. “ಮಿಸ್ತ್ರಿ, ನಾಳೆ ಕಡೀ ತಪಾಸಣಿ ಮಾಡಾಕ ಬರ್ತೀನಿ. ನಿಮ್ಮ ದೊಡ್ಡ ಮೀಟರೂ ತರ್ರಿ. ಆದ್ರ ಊರಾಗ ನಾ ಬರೂದಿಲ್ಲ ಅಂತ ಹೇಳ್ರಿ.”

ಹಂಗ ಮಾಡಿದೆ. ಬೇವಿನ ಗಿಡದ ಕೆಳಗ ನಾವು ನಾಕ ಮಂದಿ, ಸಾಹೇಬ್ರು, ಅಕ್ಕಾರ, ಕಾಕಾ, ನಾನು. ಅರ್ಧಾ ತಾಸು ಕುಂತಿವಿ. ಸುತ್ತೂ ಕಡೆ ಪಂಪಿನ ಸಪ್ಪಳ, ಅಕ್ಕಾರ ಪಂಪಿಂದೂ ಕೂಡಿ. ಮೀಟರ್ ಹಚ್ಚಿದೆ. ಎರಡುನೂರಾ ಇಪ್ಪತ್ನಾಕು. ಎಲ್ಲಾ ಪಂಪ್ ಓಡೂಮುಂದ ಎರಡುನೂರಾ ಇಪ್ಪತ್ನಾಕು. ಅಕ್ಕಾರ ಹೋಗಿ ತಮ್ಮ ಮೋಟಾರಿನ ಮ್ಯಾಲೆ ಅಂಗೈ ಇಟ್ಟು ನೋಡಿದ್ರು. ಸುಡ್ತಿರಲಿಲ್ಲ.

ತಿರುಗಿ ಬಂದವರು ಸೊಂಟಕ್ಕ ಸಿಗಿಸಿದ್ದ ಫೋನ್ ತಗದ್ರು. “ಲೇ, ಎಲ್ಲಾರೂ ಪಂಪ್ ಬಂದ್ ಮಾಡಿ ನಮ್ಮ ಹೊಲಕ್ಕ ಬರ್ರೋ. ಸಾಹೇಬ್ರು ಬಂದಾರ.”

ಸಾಹೇಬ್ರು ಜಿಗಿದು ಎದ್ರು. “ಯಕ್ಕಾರ, ಬ್ಯಾಡ್ರಿ! ತಡೀರಿ! ನಾ ಇನ್ನೂ ಬರದಿಲ್ಲ!”

“ಲಗೂನ ಬರೀರಿ ಹಂಗಾರ. ಈ ತಮ್ಮಗ ನಾಕು ಮಂದಿ ಮುಂದ ಕೊಡೂ ಮಾತು ಒಂದು ಐತಿ, ಹೊಟ್ಯಾಗ ಇಟ್ಟುಕೊಂಡು ಸಾಕಾಗೇತಿ ನನಗ.”

ಸಾಹೇಬ್ರು ಮೊಳಕಾಲ ಮ್ಯಾಲೆ ಕಾಗದ ಇಟ್ಟು ಗಡಬಡಿಸಿ ಬರದ್ರು. ಒಂದೊಂದ ಪಂಪ್ ನಿಂತಿತು, ಅಂಕಿ ಏರ್ತಾ ಹೋತು, ಮಂದಿ ಬಂತು. ಈ ಸಲ ಟೊಪ್ಪಿಗಿ ಇಲ್ಲ, ಇಸ್ತ್ರಿ ಇಲ್ಲ, ಮೊಳಕಾಲ ತನಕ ಕೆಸರು.

ಅಕ್ಕಾರ ಎಲ್ಲಾರ ಮಾರಿ ನೋಡಿ ಅಂದ್ರು, “ಇವನ ಕೈ ಸೋತೈತಿ ಅಂದಿದ್ದೆ. ಸೋತಿರಲಿಲ್ಲ. ತಪ್ಪು ನಂದು. ಇನ್ನ ಮ್ಯಾಲೆ ಯಾವನರೆ ಮೋಟಾರು ಹುಬ್ಬಳ್ಳಿಗೆ ಒಯ್ದಾ ಅಂದ್ರ ನನ್ನ ಹೊಲದಾಗ ಹಾದು ಹೋಗಬ್ಯಾಡ್ರಿ.”

ನಾ ತಲಿ ಎತ್ತಲಿಲ್ಲ. ಮೀಟರಿನ ಕಡೆ ನೋಡಿಕೋತ ಕುಂತಿದ್ದೆ. ಕಾಕಾ ಬಾಜೂಕ ಬಂದು, “ಮಿಸ್ತ್ರಿ, ಎಷ್ಟು ತೋರಸ್ತೈತಿ?” ಅಂದ.

“ಏನೂ ಕಾಣವಲ್ದು ಕಾಕಾ,” ಅಂದೆ. ನಾಕೂ ಬುರುಡಿ ಮಂಜಾಗಿದ್ದವು.

ಕಾಕಾ ನನ್ನ ಕಣ್ಣು ನೋಡಿದ, ಹೆಗಲ ಮ್ಯಾಲಿನ ಟಾವೆಲ್ ತಗದು ನನ್ನ ಕೈಯ್ಯಾಗ ಇಟ್ಟ. “ಹಂಗಾರ ನಾಕೂ ಏಳು ಬಿಡು,” ಅಂದ.